ಶಾಯಿ ಹತ್ತದ ಹೆಸರು

ನನ್ನ ಮಶೀನಿಗೆ ಶಾಯಿ ಬಟ್ಟಲಿಲ್ಲ.
ಉಳಿದವರು ಸಂಜಿಗೆ ಸೀಮೆಎಣ್ಣ್ಯಾಗ ಕೈ ತಿಕ್ಕೋವಾಗ
ನಾ ಒಣಗೈ ಬೀಸಿಕೋತ
ಬೆಟಗೇರಿ ರಸ್ತೆದ ಚಾದಂಗಡಿ ಮುಟ್ಟಿರತೇನಿ.
"ದಾವಲಸಾಬಂದು ಏನ್ ಕೆಲಸ ಬಿಡು,
ಬರೇ ಒತ್ತೂದು" ಅಂತಾರ.

ಖರೇನ. ಬರೇ ಒತ್ತೂದು.
ಮ್ಯಾಲ ಹಿತ್ತಾಳಿ ತಗಡಿನ ಹೆಣ್ಣಚ್ಚು,
ತೆಳಗ ನಾನ ಕಟ್ಟಿದ ಗಂಡಚ್ಚು:
ರಟ್ಟು, ಮೈದಾ ಅಂಟು, ತೆಳ್ಳನ ಕಾಗದ,
ಪದರಿನ ಮ್ಯಾಲ ಪದರು.
ಒಣಗಾಕ ಒಂದು ರಾತ್ರಿ. ಮೋಡ ಇದ್ರ ಎರಡು.
ಕೂದಲೆಳಿಯಷ್ಟು ಹೆಚ್ಚಾತೋ
ಗಣಪನ ಸೊಂಡಿಲು ಹರೀತದ.
ಕಡಿಮಿ ಆತೋ
ಗಣಪ ಎದ್ದ ಕೂಡೂದಿಲ್ಲ.
ಮೂವತ್ತೊಂದು ವರ್ಷ ಲಗ್ನಪತ್ರಿಕೆ ಮ್ಯಾಲ
ಗಣಪನ್ನ ಎಬ್ಬಿಸೇನಿ,
ಶಾದಿ ಕಾರ್ಡಿನ್ಯಾಗ ಚಂದ್ರನ್ನ.
ನೋಡೂದು ಹೆಬ್ಬೆರಳಿಂದ. ಕಣ್ಣು ಆಮ್ಯಾಲ.

ಆ ಹುಡುಗಿ ಬಂದಾಗ
ಮಾಲಕ ಅಂದಾನೆಪ್ಪ ಊಟಕ್ಕ ಹೋಗಿದ್ರು.
ಕೈಯಾಗ ಪ್ರೂಫು, ತಂದ ಲಗ್ನದ್ದು.
ಅಜ್ಜ, ಅಜ್ಜಿ, ಕಾಕಾಗಳು, ಮೂವರು ಅತ್ತೆಂದಿರು,
ಕಿರಾಣಿ ಅಂಗಡಿ ಹೆಸರು ಸುದ್ದಾ ಇತ್ತು.
"ಅವ್ವಂದು ಹಾಕಬ್ಯಾಡ ಅಂದಾರ" ಅಂದ್ಳು.
ಯಾಕಂತ ನಾ ಕೇಳಲಿಲ್ಲ.
ಹದಿನಾಲ್ಕು ವರ್ಷ ಆ ಮನ್ಯಾಗ ಯಾರೂ ಎತ್ತದ ಹೆಸರಂತ.
"ಶಾಯಿ ಇಲ್ಲದ ಹಾಕಾಕ ಬರತದ?"
"ಬರತದವಾ. ಉಬ್ಬಿಸಲೋ, ತಗ್ಗಿಸಲೋ?"

ಎರಡೂ ಮಾದರಿ ಕಿಡಕಿ ಬೆಳಕಿಗೆ ಹಿಡಿದು ತಿರುವಿದ್ಳು.
ಉಬ್ಬಿದ್ದು ನೆರಳು ಚೆಲ್ಲತದ, ಮಂದಿ ಕಣ್ಣಿಗೆ ಬೀಳತದ.
ತಗ್ಗಿದ್ದು ನೆರಳನ್ನ ತನ್ನೊಳಗ ಇಟಗೋತದ.
"ತಗ್ಗಿಸ್ರೀ. ಒಳಪುಟದ ಮೂಲಿಗೆ. ಸಣ್ಣಗ."
ಬಸ್ ಟಿಕೇಟಿನ ಹಿಂದ ಬರದು ಕೊಟ್ಳು:
ಹೊನ್ನವ್ವ.

ಆರು ಜನ ಹಿಡಿಸೂ ಅಗಲದ ಹೆಸರಲ್ಲ,
ಆದ್ರ ಎರಡು ಒತ್ತು.
ಕಾಗದ ಸೀಳೂದು ಅಲ್ಲೇ, ಒತ್ತಿನ ಬಾಲದಾಗ.
ಧೂಳು ತಿಂದ ಮರದ ಕೇಸಿನ್ಯಾಗ
ಸೀಸದ ಮೊಳಿ ಹುಡುಕಿದೆ.
'ವ' ಒತ್ತು ಒಂದ ಉಳದಿತ್ತು, ಮೂಗು ಸವದದ್ದು.
ಒಂದ ಸಾಕಿತ್ತು.
ಚೂಪಿಗೆ ಅರ ತಿಕ್ಕಿ ಮೊಂಡ ಮಾಡಿದೆ.
ಐದುನೂರು ಕಾರ್ಡು.
ಐದುನೂರು ಸಲ ತಗ್ಗಿದಳು ಹೊನ್ನವ್ವ.

ಒಂದು ಮರತಿದ್ದೆ.
ಮೂವತ್ತೊಂದು ವರ್ಷ ಮಾಡಿದವ, ಮರತಿದ್ದೆ.
ಒಳಗ ತಗ್ಗಿದ್ದು ಹೊರಗ ಏಳತದ.
ದಪ್ಪ ಹಾಳಿ, ತಡಕೋತದ ಅನ್ಕೊಂಡೆ. ತಡಕೊಳ್ಳಲಿಲ್ಲ.
ಹೊರಗಿನ ಮೂಲಿಗೆ ಬಿಳಿ ಮ್ಯಾಲ ಬಿಳಿ,
ಸಣ್ಣದೊಂದು ಏರು.
ಇರಲಿ, ಯಾರಿಗೆ ಕಾಣಬೇಕು?

ಅರಿಷಿಣಕ್ಕ ಕಂಡಿತ್ತು.
ಹಂಚೂ ಮುಂದ ನಾಕೂ ಮೂಲಿಗೆ ಬೆರಳು ಸವರತಾರಲ್ಲ,
ಆ ಮನಿ ಹೆಣ್ಮಕ್ಕಳು ಪಡಸಾಲ್ಯಾಗ ಕುಂತು
ಸವರಿದಂಗ ಸವರಿದಂಗ
ಏರಿಗೆ ಹಳದಿ ಹತ್ತಿ, ಸುತ್ತ ಹತ್ತದ,
ಒಂದೊಂದ ಅಕ್ಷರ ಎದ್ದು ಕುಂತಾವಂತ.
ಎಲ್ಲಾ ತಿರುವುಮುರುವು, ಕನ್ನಡ್ಯಾಗಿನ ಬರಹ.

ಐದನೇ ದಿನ ದೊಡ್ಡಪ್ಪ ಕೊಟ್ರಪ್ಪ ಬಂದ,
ಬಾಕಿ ಕೊಡಾಕಂತ.
ಕಾರ್ಡು ಮೇಜಿನ ಮ್ಯಾಲ ಇಟ್ಟ.
"ಇದ್ಯಾವ ಭಾಷಾ? ತೆಲುಗೋ, ಹಳೇ ಶಾಸನೋ?"
ತಿರುಗು ಮೊಳಿ ಓದಿ ಬೆಳದ ಕಣ್ಣು ನಂದು.
ಹೆಬ್ಬೆರಳು ಇಟ್ಟೂ ನೋಡಿದೆ. ಸುಮ್ಮನಿದ್ದೆ.
ಆತ ಕಾರ್ಡು ತೆರೆದು ಒಳಗ ಬೆರಳು ಆಡಿಸಿದ.
'ಹೊ' ದಾಟಿತು,
ಒತ್ತಿನ ಕೊಂಡ್ಯಾಗ ಉಗುರು ಸಿಕ್ಕು ನಿಂತಿತು.
ಬಾಜೂಕಿನ ಟ್ರೆಡಲ್ಲು ಬಡಕೋತನ ಇತ್ತು.

"ಇದನ್ನ ಬಿಲ್ಲಿನ್ಯಾಗ ಹಿಡದಿಲ್ಲ ನೀ" ಅಂದ.
"ಶಾಯಿನ ಹತ್ತಿಲ್ರೀ" ಅಂದೆ, "ಹೆಂಗ ಹಿಡೀಲಿ?"
ರೊಕ್ಕ ಎರಡು ಸಲ ಎಣಿಸಿದ.
ಕಾರ್ಡು ಮಡಚಲಿಲ್ಲ,
ನೆಟ್ಟಗ ಕಿಸೆದಾಗ ಇಟಗೊಂಡು ಮೆಟ್ಟಲಿಳದ.

ಆವತ್ತು ಚಾದಂಗಡಿಗೆ ನಾನ ಕಡೀಕ ಮುಟ್ಟಿದೆ.
ಹೆಬ್ಬೆರಳಿಗೆ ಹಳದಿ ಹತ್ತಿತ್ತು,
ಸೀಮೆಎಣ್ಣಿಗೆ ಹೋಗವಲ್ದು.